ಮಾಡು ಹತ್ತುವ ಮುನ್ನ

ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಏಣಿಗೆ ಬಿಡುವಿಲ್ಲ. ಇವತ್ತು ಈ ಮನೆ, ನಾಳೆ ಆಚೆ ಮನೆ. ಮಂಗಗಳು ವರ್ಷವಿಡೀ ಕುಣಿದು ಒಡೆದ ಹಂಚು ಬದಲಿಸಬೇಕು, ಸರಿದದ್ದನ್ನು ಕೂರಿಸಬೇಕು, ಸಂದಿಯಲ್ಲಿ ಕೊಳೆತ ಎಲೆ ಗುಡಿಸಬೇಕು. ಹಂಚು ಕೈಯಾಡಿಸುವ ಕೆಲಸಕ್ಕೆ ಇನ್ನುಳಿದಿರುವುದು ಕೆಲವೇ ದಿನ.

ಮೇಸ್ತ್ರಿ ಬಂದವರು ಏಣಿ ಕೇಳಲಿಲ್ಲ. ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗಿ ಅಟ್ಟ ಹತ್ತಿದರು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕತ್ತಿ. ಕತ್ತಿಯ ಹಿಂಬದಿಯಿಂದ ಒಂದೊಂದೇ ರೀಪನ್ನು ತಟ್ಟುತ್ತ ಹೊರಟರು. ಅಡುಗೆಮನೆ, ಬಚ್ಚಲ ಮೇಲೆ ಹೊಗೆ ತಿಂದ ಮರ ಕಬ್ಬಿಣದ ಹಾಗಿತ್ತು. ಉಗ್ರಾಣದ ಮೇಲೆ ಬರುತ್ತಲೇ ಸದ್ದು ಸತ್ತಿತು. ಕತ್ತಿಮೊನೆ ಚುಚ್ಚಿದರೆ ಹಿಟ್ಟು ಉದುರಿತು. ಗೆದ್ದಲು! ಅಂಗಳದಿಂದ ನೋಡಿದರೆ ಆ ಜಾಗದ ಹಂಚಿನ ಸಾಲೇ ಎಲ್ಲಕ್ಕಿಂತ ಚೆಂದ ಕೂತಿದೆ.

ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹೆಸರು ಮಾಡಿದ ಮಂಗಳೂರು ಹಂಚು ಇದು. ಸಾಮಾನ್ಯವಾಗಿ ಇದಕ್ಕೆ ಮೊಳೆ ಹೊಡೆಯುವುದಿಲ್ಲ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಂಡು ಕೂತಿರುತ್ತದೆ ಅಷ್ಟೆ. ಆಳಿನ ಭಾರ ಹೊರುವುದು ಕೆಳಗಿನ ಮರ. ಮಾಡಿನಿಂದ ಬೀಳುವುದೆಂದರೆ ಪಾಚಿಯ ಮೇಲೆ ಜಾರಿ ಸೂರಿನಾಚೆ ಉರುಳುವುದು ಎಂದುಕೊಳ್ಳುತ್ತೇವೆ. ಅದೂ ಉಂಟು, ಬೆಳಗಿನ ಇಬ್ಬನಿ ಆರದೆ ಹತ್ತಿದವರಿಗೆ ಗೊತ್ತು. ಆದರೆ ನಿಂತಲ್ಲೇ ಮಾಡು ಬಾಯಿ ಬಿಟ್ಟು ಒಳಗೆ ಬಿದ್ದವರಿಗೆ ಹಿಡಿದುಕೊಳ್ಳಲು ಸೂರೂ ಸಿಗುವುದಿಲ್ಲ.

ಮೂರು ಮೀಟರ್ ಎತ್ತರದಿಂದ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಅಷ್ಟರಲ್ಲಿ ವೇಗ ಗಂಟೆಗೆ 27 ಕಿ.ಮೀ. ದಾಟಿರುತ್ತದೆ. ಕಾಲೂರಿ ಬಿದ್ದರೆ ಹಿಮ್ಮಡಿಯ ಮೂಳೆ ಒಡೆಯಬಹುದು, ಅದೇ ಪೆಟ್ಟು ಮೇಲೇರಿ ಬೆನ್ನುಹುರಿಯ ಸುತ್ತಲಿನ ಮೂಳೆಯನ್ನು ಜಜ್ಜಬಹುದು. ಹಾಗಾಗಿಯೇ ಹಿಮ್ಮಡಿ ಒಡೆದು ಬಂದವರ ಬೆನ್ನನ್ನೂ ವೈದ್ಯರು ನೋಡುತ್ತಾರೆ. ನಮ್ಮವರು ಮಾತ್ರ ಗಾಬರಿಯಲ್ಲಿ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುತ್ತಾರೆ. ಕೆಡುವುದು ಅಲ್ಲೇ. ಅಲುಗಾಡಿಸದೆ, ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ಹಿಡಿದು 108ಕ್ಕೆ ಕರೆ ಮಾಡಬೇಕು.

ಮೇಸ್ತ್ರಿ ಏಣಿ ಇಟ್ಟದ್ದು ಆಮೇಲೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಕ್ಕೆ ಬುಡ, ತುದಿ ಸೂರಿಗಿಂತ ಮೂರು ಅಡಿ ಮೇಲೆ, ಕೆಳಗೆ ಹಿಡಿಯಲೊಬ್ಬ ಹುಡುಗ. ಕರೆಂಟಿನ ತಂತಿ ಬರುವ ಮೂಲೆಯನ್ನು ಬಿಟ್ಟರು. ಹಂಚಿನ ಮೇಲೆ ಇನ್ನೊಂದು ಬಿದಿರೇಣಿ ಮಲಗಿಸಿ ನೆತ್ತಿಯಾಚೆಗೆ ಕಟ್ಟಿದರು. ಎದೆ, ತೊಡೆ ಎರಡನ್ನೂ ಸುತ್ತುವ ಬೆಲ್ಟು ತೊಟ್ಟರು. ಅದರ ಪಟ್ಟಿಯಲ್ಲಿ ಐಎಸ್ 3521 ಎಂಬ ಗುರುತು. ಬರಿಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ತಡೆದ ಹಗ್ಗವೇ ಹೊಟ್ಟೆಗೆ ಪೆಟ್ಟು ಕೊಟ್ಟೀತು. ಹಗ್ಗ ಹೋದದ್ದು ನೆತ್ತಿ ದಾಟಿ ಹಿತ್ತಿಲ ಹಲಸಿನ ಬುಡಕ್ಕೆ, ಸೂರಿನಾಚೆ ಜಾರಗೊಡದಷ್ಟೇ ಉದ್ದ.

ಕಾರ್ಖಾನೆಯಲ್ಲಾದರೆ ಬೀಳುವ ಎತ್ತರಕ್ಕೆ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಮನೆಯ ಮಾಡಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಸಾವಿರಾರು ರೂಪಾಯಿಯ ಟಾರ್ಪಾಲು ತರುವ ನಾವು ಬೆಲ್ಟಿನ ಬೆಲೆ ಕೇಳಿ ಹುಬ್ಬೇರಿಸುತ್ತೇವೆ.

ಊಟ ಮುಗಿದು ಕೊಟ್ಟಿಗೆಯ ಸರದಿ. ಅಲ್ಲಿ ಹಳೆಯ ಸಿಮೆಂಟ್ ಶೀಟು, ನಡುವೆ ಬೆಳಕಿಗೆಂದು ಹಾಕಿದ ಫೈಬರ್ ಶೀಟು. ಧೂಳು ಕೂತು ಎರಡಕ್ಕೂ ಒಂದೇ ಬಣ್ಣ. ಬಿಸಿಲು ಮಳೆಗೆ ಪೆಡಸಾದ ಈ ಶೀಟು ಮುನ್ಸೂಚನೆ ಕೊಡದೆ ಒಡೆಯುತ್ತದೆ.

“ಹತ್ತು ನಿಮಿಷದ ಕೆಲಸ ಮೇಸ್ತ್ರಿ, ಬೋಲ್ಟಿನ ಸಾಲು ಹಿಡಿದು ಹೋದ್ರೆ ಆಗಲ್ವಾ?” ಯಜಮಾನರ ರಾಗ.

“ಬೋಲ್ಟು ಹಾಕಿರೋದು ಶೀಟಿಗೆ, ನನ್ನ ಕಾಲಿಗಲ್ಲ. ಹಲಗೆ ತರ್ಸಿ ಅಯ್ಯಾ.”

ಅಡ್ಡಪಟ್ಟಿಯಿಂದ ಅಡ್ಡಪಟ್ಟಿಗೆ ಮುಟ್ಟುವ ಉದ್ದದ ಹಲಗೆ ಮನೆಯಲ್ಲಿಲ್ಲ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರಿಗೆ ಫೋನು ಹೋಯಿತು. ನಾಳೆ ಎಂಟಕ್ಕೆ ಬರುತ್ತದಂತೆ. ಸರಿ, ಅಲ್ಲಿವರೆಗೆ ಉಗ್ರಾಣದ ರೀಪಾದರೂ ಬದಲಾಗಲಿ ಎಂದು ಮೇಸ್ತ್ರಿ ಮತ್ತೆ ಅಟ್ಟ ಹತ್ತಿದರು.