ಹಿತ್ತಿಲಿನ ಬಡಗಿಗಳು

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಬಡಗಿಯ ಹೆಸರುಗಳು ನೆನಪಿರಬಹುದು. ತಕ್ಷ, ವರ್ಧಕಿ, ತ್ವಷ್ಟೃ, ರಥಕಾರ ಎಂದು ಹೇಳಿದ ಮೇಲೆ ಅಮರಸಿಂಹನು ಇನ್ನೂ ಎರಡು ಪದಗಳನ್ನು ಸೇರಿಸಿರುವನು. ಊರಿಗೆ ಅಧೀನನಾಗಿ ಕೆಲಸ ಮಾಡುವವನು ಗ್ರಾಮತಕ್ಷ. ಯಾರ ಅಧೀನಕ್ಕೂ ಒಳಗಾಗದೆ ತನ್ನ ಗುಡಿಸಲಿನಲ್ಲಿಯೇ ಕುಳಿತು ಕೆಲಸ ಮಾಡುವವನು ಕೌಟತಕ್ಷ. ಈ ಎರಡು ಸಮಾಸರೂಪಗಳಿಗಾಗಿ ಪಾಣಿನಿಯು ಒಂದು ಸೂತ್ರವನ್ನೇ ರಚಿಸಿರುವನು. ಈ ಭೇದವನ್ನು ನಾನು ಮೂವತ್ತು ವರ್ಷಗಳಿಗೂ ಹೆಚ್ಚುಕಾಲ ಮಕ್ಕಳಿಗೆ ಬೋಧಿಸಿದೆನು. ಆದರೆ ಉಳಿಯನ್ನು ಕೈಯಲ್ಲಿ ಹಿಡಿದುದು ಮಾತ್ರ ನಿವೃತ್ತನಾದ ಬಳಿಕ.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಹಂಚಿಹೋಗಿರುವ ನಾವು ಏಳೆಂಟು ಮಂದಿ ಇಂತಹ ಕೌಟತಕ್ಷರು. ನಮ್ಮಲ್ಲಿ ಯಾರಿಗೂ ಇದು ಜೀವನೋಪಾಯವಲ್ಲ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯ ಹಿತ್ತಿಲಿನಲ್ಲಿ ಸೇರುವೆವು. ಆ ತಿಂಗಳಲ್ಲಿ ಮಾಡಿದ್ದನ್ನು, ಕೆಡಿಸಿದ್ದನ್ನು ಒಬ್ಬರಿಗೊಬ್ಬರು ತೋರಿಸುವೆವು. ಮಂಡಕ್ಕಿ ಮೆಣಸಿನಕಾಯಿ ಆಗುವುದು, ಚಹಾ ಆಗುವುದು. ಹೊತ್ತು ಮುಳುಗುವ ಮೊದಲೇ ಊರಿನ ಬಸ್ಸು ಹಿಡಿಯುವೆವು. ಇಷ್ಟೇ ನಮ್ಮ ಪರಿಷತ್ತು.

ನಮ್ಮ ಗೆಲುವುಗಳು ಹೇಳಿಕೊಳ್ಳಲು ಅಲ್ಪವಾದುವು. ಹಡಗಲಿಯ ಗೆಳೆಯರೊಬ್ಬರು ಅಂಚೆಯ ಕೆಲಸದಿಂದ ನಿವೃತ್ತರು. ಮಲ್ಲಿಗೆಗೆ ಹೆಸರಾದ ಆ ಊರಿನಲ್ಲಿ ಅವರ ಮನೆಯವರು ನಿತ್ಯವೂ ನೆಲದ ಮೇಲೆ ಕುಳಿತು ಹೂ ಕಟ್ಟುತ್ತಿದ್ದರು. ಮೊಣಕಾಲು ನೋವು ಹೆಚ್ಚಿ ಅದು ಸಾಧ್ಯವಾಗದೆ ಹೋಯಿತು. ಗೆಳೆಯರು ಒಂದು ಗೇಣಿಗಿಂತ ತುಸು ಎತ್ತರವಾದ ಮಣೆಯೊಂದನ್ನೂ, ಹೂವಿನ ಮೊರ ಇಡಲು ಅದರ ಪಕ್ಕಕ್ಕೊಂದು ಹಲಗೆಯನ್ನೂ ಮಾಡಿದರು. ಮೂರು ದಿನಗಳ ಕೆಲಸ. ಆ ತಾಯಿ ಪುನಃ ಹೂ ಕಟ್ಟಲು ಕುಳಿತ ದಿನವನ್ನು ಅವರು ನಮಗೆ ವರ್ಣಿಸಿದಷ್ಟು ವಿಸ್ತಾರವಾಗಿ ತಮ್ಮ ಮಗಳ ಮದುವೆಯನ್ನೂ ವರ್ಣಿಸಿರಲಿಲ್ಲ.

ಕೂಡ್ಲಿಗಿಯ ಗೃಹಿಣಿಯೊಬ್ಬರ ಗೆಲುವು ಬಾಗಿಲಿನದು. ಮಳೆಗಾಲದಲ್ಲಿ ಅಡಿಗೆಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ತಗುಲತೊಡಗಿತು. ಅಕ್ಕಪಕ್ಕದವರು ಕೂಡಲೆ ಕೆತ್ತಿಸಿಬಿಡಬೇಕೆಂದು ಸಲಹೆಯಿತ್ತರು. ಆಕೆಯಾದರೋ ತಗುಲುವ ಅಂಚಿಗೆ ಮೇಣದ ಬತ್ತಿಯನ್ನು ತಿಕ್ಕಿ, ಗುರುತು ಮಾಡಿಟ್ಟು, ಸುಮ್ಮನಾದರು. ಮಾಗಿ ಕಳೆಯುವಷ್ಟರಲ್ಲಿ ಬಾಗಿಲು ತಾನಾಗಿಯೇ ಸಡಿಲವಾಯಿತು. ಮಳೆಯಲ್ಲಿಯೇ ಕೆತ್ತಿದ್ದರೆ ಬೇಸಗೆಯಲ್ಲಿ ಹಲ್ಲಿ ನುಸುಳುವಷ್ಟು ಸಂದು ಬೀಳುತ್ತಿತ್ತು. ಮರವು ಗಾಳಿಯ ತೇವವನ್ನು ಹೀರಿ ಅಡ್ಡಲಾಗಿ ಹಿಗ್ಗುವುದು, ಒಣಹವೆಯಲ್ಲಿ ಕುಗ್ಗುವುದು; ಉದ್ದಕ್ಕೆ ಮಾತ್ರ ಅದು ಬಹುಮಟ್ಟಿಗೆ ಇದ್ದಂತೆಯೇ ಇರುವುದು. ಈ ಒಂದು ತತ್ತ್ವವನ್ನು ಅರಿತರೆ ಮನೆಯ ಮರಗೆಲಸದ ಅರ್ಧವನ್ನು ಅರಿತಂತಾಯಿತು.

ಆ ತತ್ತ್ವವನ್ನು ನಾನು ಅರಿತುದು ಅವಮಾನದಿಂದ. ನಮ್ಮ ಹಿತ್ತಿಲಿನ ಬೇವಿನ ಮರದ ಕೊಂಬೆಯೊಂದು ಗಾಳಿಗೆ ಮುರಿದು ಬಿದ್ದಿತು. ಎರಡೇ ತಿಂಗಳಲ್ಲಿ ಅದರಿಂದ ಮುಕ್ಕಾಲಿಯೊಂದನ್ನು ಮಾಡಿದೆನು. ಕಾಲುಗಳ ತುದಿಯನ್ನು ಹಲಗೆಯ ರಂಧ್ರಗಳಲ್ಲಿ ಬಿಗಿಯಾಗಿ ಸೇರಿಸಿ, ಮೊಳೆಯಿಲ್ಲದೆ ನಿಲ್ಲಿಸಿದೆನೆಂದು ಬೀಗಿದೆನು. ಚೈತ್ರಮಾಸದ ಬಿಸಿಲಿನಲ್ಲಿ ಬೀಗರೊಬ್ಬರು ಅದರ ಮೇಲೆ ಕುಳಿತರು. ಮರುಕ್ಷಣವೇ ನೆಲದ ಮೇಲೆ ಕುಳಿತಿದ್ದರು! ಸಂಧಿಪ್ರಕರಣವನ್ನು ತಪ್ಪಿಲ್ಲದೆ ಬೋಧಿಸಿದ ಮೇಷ್ಟರು ಮರದ ಸಂಧಿಯಲ್ಲಿ ಅನುತ್ತೀರ್ಣರಾದರು. ಅಲ್ಲಿ ಆದುದು ಲೋಪವೊಂದೇ.

ಮುರಿದ ಮುಕ್ಕಾಲಿಯನ್ನು ಕೊಟ್ಟೂರಿನ ವೃದ್ಧ ಬಡಗಿಯೊಬ್ಬರ ಬಳಿಗೆ ಕೊಂಡೊಯ್ದೆನು. ಮಾಘಮಾಸದಲ್ಲಿ ಶ್ರೀ ಕೊಟ್ಟೂರೇಶ್ವರನ ತೇರನ್ನೆಳೆಯುವ ಊರದು. 2017ನೆಯ ಫೆಬ್ರವರಿ 21ರಂದು ಉತ್ಸವದ ನಡುವೆಯೇ ಆ ಮಹಾರಥವು ಉರುಳಿ ಬಿದ್ದಿತು. ಬಳಿಕ ಹೊಸ ರಥದ ನಿರ್ಮಾಣವಾಯಿತು. ಅಚ್ಚು, ಗಾಲಿಗಳ ಮಾತನ್ನು ಆ ಊರಿನಲ್ಲಿ ಯಾರೂ ಹಗುರವಾಗಿ ಆಡುವುದಿಲ್ಲ. ಬಡಗಿಯವರು ನನ್ನ ಮುಕ್ಕಾಲಿಯ ಕಾಲನ್ನು ಮೂಗಿನ ಬಳಿ ಹಿಡಿದು ಮೂಸಿ ನೋಡಿದರು.

"ಮೇಷ್ಟ್ರೇ, ನೀವು ಕೆಲಸ ಮುಗಿಸೀರಿ. ಮರ ಇನ್ನಾ ಮುಗಿಸಿದ್ದಿಲ್ಲ," ಎಂದರು.

ಹಸಿಯ ಮರ ಒಣಗುತ್ತ ಹೋದಂತೆ ಕಾಲಿನ ತುದಿ ಕೃಶವಾಗಿ ರಂಧ್ರದಲ್ಲಿ ಸಡಿಲಗೊಂಡಿತ್ತು. ಹಲಗೆಯ ದಪ್ಪ ಒಂದು ಅಂಗುಲಕ್ಕೆ ಒಂದು ವರ್ಷದಂತೆ ಒಣಗಿಸಬೇಕೆಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಹಲಗೆಗಳನ್ನು ನೆರಳಿನಲ್ಲಿ, ನೆಲಕ್ಕೆ ತಗುಲದಂತೆ, ನಡುನಡುವೆ ಕಿರುಪಟ್ಟಿಗಳನ್ನಿಟ್ಟು ಒಟ್ಟಬೇಕು. ಕೊಯ್ದ ತುದಿಗಳಿಂದ ತೇವವು ಬೇಗನೆ ಹೊರಡುವುದರಿಂದ ಅಲ್ಲಿಯೇ ಮೊದಲು ಸೀಳು ಬೀಳುವುದು. ಅದಕ್ಕಾಗಿ ಸಗಣಿಯನ್ನೋ ಮೇಣವನ್ನೋ ಬಳಿಯುವರು. ನಮ್ಮದು ಬಿಸಿಲ ಸೀಮೆ. ಮಲೆನಾಡಿನ ತಂಪಿನಲ್ಲಿ ಸರಿಯಾಗಿದ್ದ ಪೆಟ್ಟಿಗೆಯೂ ಇಲ್ಲಿಗೆ ಬಂದು ಬಿರುಕು ಬಿಡುವುದುಂಟು.

ಮರದ ಆಯ್ಕೆಯನ್ನೂ ಅವರಿಂದಲೇ ಕಲಿತೆವು. ಬೇವಿಗೆ ಹುಳು ಸುಲಭವಾಗಿ ತಗುಲದು; ಆದುದರಿಂದ ಪೆಟ್ಟಿಗೆಗೆ ಒಳ್ಳೆಯದು. ಕರಿಜಾಲಿ ಗಟ್ಟಿ, ಬಂಡಿಯ ಗಾಲಿಗೂ ನೇಗಿಲಿಗೂ ಕೊಡಲಿಯ ಕಾವಿಗೂ ಹಿಂದಿನಿಂದ ಬಳಕೆಯಲ್ಲಿರುವುದು ಅದೇ. ಹುಣಸೆ ಕೊಡತಿಗೂ, ಪೆಟ್ಟು ತಿನ್ನುವ ದಿಮ್ಮಿಗೂ ಯೋಗ್ಯ. ಎಲ್ಲಕ್ಕಿಂತ ನನ್ನನ್ನು ಆಶ್ಚರ್ಯಗೊಳಿಸಿದುದು, ಎಲ್ಲರೂ ಶಪಿಸುವ ಬಳ್ಳಾರಿ ಜಾಲಿ. ಇದು ನಮ್ಮ ನಾಡಿನದಲ್ಲ. ಅಮೆರಿಕ ಖಂಡದ ಮರ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳು ಬೀಜ ತರಿಸಿ ಬೆಳೆಸಿದರು. ಈಗ ಕೆರೆಯಂಗಳ, ಬೀಳುಭೂಮಿಗಳನ್ನೆಲ್ಲ ಆಕ್ರಮಿಸಿ ನಿಂತಿದೆ. ಒಲೆಗಲ್ಲದೆ ಬೇರಾವುದಕ್ಕೂ ಬಾರದೆಂದು ತಿಳಿದಿದ್ದೆವು. ಆದರೆ ಅದರ ಮರ ಗಡುಸು. ಒಣಗುವಾಗ ಕುಗ್ಗುವುದು ಅತ್ಯಲ್ಪ. ನೆಟ್ಟಗಿನ ತುಂಡು ಸಿಕ್ಕುವುದೇ ಕಷ್ಟ. ಹರಪನಹಳ್ಳಿಯ ಗೆಳೆಯರೊಬ್ಬರು ಅದರಿಂದ ಲಟ್ಟಣಿಗೆ, ಸವುಟು, ಉಳಿಯ ಹಿಡಿಗಳನ್ನು ಮಾಡಿ ನಮಗೆಲ್ಲ ಹಂಚಿದರು. ಜೋಳದ ರೊಟ್ಟಿಯನ್ನು ಕೈಯಲ್ಲಿಯೇ ಬಡಿಯುವ ನಮ್ಮ ಮನೆಯವರು ಲಟ್ಟಣಿಗೆಯನ್ನು ಹೋಳಿಗೆಗೆಂದು ಎತ್ತಿಟ್ಟಿರುವರು.

ಇಷ್ಟರಲ್ಲಿಯೇ ನನ್ನ ಮನಸ್ಸಿನಲ್ಲಿ ಮುಳ್ಳೊಂದು ಚುಚ್ಚತೊಡಗಿತು. ಹಿಂದೆ ಗ್ರಾಮತಕ್ಷನು ಊರಿನ ಆಯಗಾರರಲ್ಲಿ ಒಬ್ಬ. ವರ್ಷವೆಲ್ಲ ನೇಗಿಲು, ಕುಂಟೆ, ಕೂರಿಗೆಗಳನ್ನು ಸರಿಪಡಿಸಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳನ್ನು ಒಯ್ಯುತ್ತಿದ್ದನು. ಟ್ರ್ಯಾಕ್ಟರು ಬಂದಿತು, ಕಬ್ಬಿಣದ ಕೂರಿಗೆ ಬಂದಿತು. ಕಣದ ಕಾಳು ನಿಂತಿತು. ಹಗರಿಬೊಮ್ಮನಹಳ್ಳಿಯ ರೈತ ಗೆಳೆಯರೊಬ್ಬರು ಅಟ್ಟದ ಮೇಲಿದ್ದ ತಂದೆಯ ಕಾಲದ ಕೂರಿಗೆಯನ್ನು ಇಳಿಸಿ ಮೊಮ್ಮಗಳ ಪುಸ್ತಕಗಳಿಗೆ ಗೂಡು ಮಾಡಿದರು. ಎಲ್ಲರೂ ಕೊಂಡಾಡಿದೆವು. ಆದರೆ ಬೀಜ ಸುರಿಯುವ ಬಟ್ಟಲನ್ನು ಮಾತ್ರ ಅವರು ಕೊಯ್ಯಲಿಲ್ಲ. ಹಾಗೆಯೇ ಗೂಡಿನ ನೆತ್ತಿಯ ಮೇಲೆ ಇರಿಸಿರುವರು. ಅದರ ಅಂಚು ಮೂರು ತಲೆಮಾರುಗಳ ಕೈ ತಾಗಿ ನುಣುಪಾಗಿದೆ.

ಬಡಗಿಯ ಅನ್ನವೇ ಕಡಮೆಯಾಗುತ್ತಿರುವಾಗ ಪಿಂಚಣಿ ತಿನ್ನುವ ನಾವು ಮಣೆ, ಮುಕ್ಕಾಲಿಗಳನ್ನು ಮಾಡಿಕೊಳ್ಳುವುದು ನ್ಯಾಯವೆ? ಒಮ್ಮೆ ಧೈರ್ಯಮಾಡಿ ಈ ಪ್ರಶ್ನೆಯನ್ನು ಆ ವೃದ್ಧರಿಗೇ ಕೇಳಿದೆನು. ಅವರು ಸ್ವಲ್ಪ ಹೊತ್ತು ಬಾಚಿಯ ಬಾಯನ್ನು ಮಸೆಯುತ್ತಲೇ ಇದ್ದರು.

"ನೀವು ಮಾಡೋದರಿಂದ ನನ್ನ ಕೆಲಸ ಹೋಗಲ್ಲ, ಮೇಷ್ಟ್ರೇ. ಪ್ಲಾಸ್ಟಿಕ್ ಕುರ್ಚಿ ತಂದಾಗಲೇ ಹೋತು. ನನ್ನ ಮಕ್ಕಳು ಉಳಿ ಹಿಡೀಲಿಲ್ಲ. ಹಿಡೀರಿ ಅನ್ನಾಕೆ ನನಗೂ ಬಾಯಿ ಬರಲಿಲ್ಲ. ನೀವು ಮುಕ್ಕಾಲಿ ಕೆಡಿಸಿಕೊಂಡು ಬಂದ ಮ್ಯಾಲೆ, ನನ್ನ ಕೂಲಿ ಬಗ್ಗೆ ಒಂದು ಸಲಾನೂ ಚೌಕಾಸಿ ಮಾಡಿಲ್ಲ ನೋಡ್ರಿ."

ನನಗೆ ಉತ್ತರ ದೊರೆಯಿತು. ಸ್ವತಃ ಕೆಡಿಸಿದವನಿಗೇ ಕುಶಲಿಯ ಬೆಲೆ ಗೊತ್ತು. ಅಂದಿನಿಂದ ನಮ್ಮ ಕೂಟದಲ್ಲಿ ಒಂದು ನಿಯಮವಾಗಿದೆ: ಬಾಗಿಲು, ಕಿಟಕಿ, ಮಂಚ ಮೊದಲಾದ ದೊಡ್ಡ ಕೆಲಸಗಳನ್ನು ನಾವು ಮುಟ್ಟುವುದಿಲ್ಲ, ಅವು ಬಡಗಿಯ ಪಾಲು. ಕಲಿತುದಕ್ಕೆ ಗುರುದಕ್ಷಿಣೆಯನ್ನು ದಿನಗೂಲಿಯ ಲೆಕ್ಕದಲ್ಲಿ ಸಲ್ಲಿಸುವೆವು.

ಈ ಮಾತನ್ನು ಲೋಕವು ಬಹಳ ಹಿಂದೆಯೇ ಅರಿತಿದ್ದಿತು. ಫಿನ್ಲೆಂಡ್ ದೇಶದಲ್ಲಿ 1866ರಲ್ಲಿಯೇ ಊನೋ ಸಿಗ್ನೇಯಸ್ ಎಂಬ ಶಿಕ್ಷಣತಜ್ಞನ ಪ್ರಯತ್ನದಿಂದ ಕೈಗೆಲಸವು ಪ್ರಾಥಮಿಕ ಶಾಲೆಯ ಪಾಠವಾಯಿತು. ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ಶಿಕ್ಷಣದ ಕೇಂದ್ರದಲ್ಲಿರಿಸಿದರು. ಅವರ ಚಿತಾಭಸ್ಮದ ಸ್ಮಾರಕವು ನಮ್ಮ ಕೂಡ್ಲಿಗಿಯಲ್ಲಿಯೇ ಇದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ, ನನ್ನ ತರಗತಿಯ ಮಕ್ಕಳ ಕೈಗೆ ಸೀಮೆಸುಣ್ಣವಲ್ಲದೆ ಬೇರೇನನ್ನೂ ನಾನು ಕೊಡಲಿಲ್ಲವಲ್ಲಾ ಎಂದು ಮನಸ್ಸು ನೋಯುವುದು.

ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೇ. ಪ್ರತಿ ಮನೆಯಲ್ಲಿಯೂ ಒಂದು ಗರಗಸ, ಎರಡು ಉಳಿ, ಒಂದು ಕೊಡತಿ, ಒಂದು ಮೂಲೆಮಟ್ಟ ಇರಲಿ. ಮೊದಲು ಒಂದು ಮಣೆಯನ್ನು ಮಾಡಿರಿ. ಅದು ಅಲುಗಿದರೆ ಮುಚ್ಚಿಡದೆ ಊರಿನ ಬಡಗಿಗೆ ತೋರಿಸಿರಿ. ಆತನ ಕೂಲಿಯನ್ನು ಕೊಟ್ಟು ತಪ್ಪನ್ನು ತಿಳಿದುಕೊಳ್ಳಿರಿ. ಮಕ್ಕಳು ಪಕ್ಕದಲ್ಲಿ ಕುಳಿತು ನೋಡಲಿ.

ನನ್ನ ಎರಡನೆಯ ಮುಕ್ಕಾಲಿಯ ಬೇವನ್ನು ಎರಡು ಬೇಸಗೆ ಒಣಗಿಸಿದೆನು. ಅದನ್ನು ಕೊಟ್ಟೂರಿಗೆ ಒಯ್ದಾಗ ಆ ವೃದ್ಧರು ಏನೂ ಹೇಳದೆ ಅದರ ಮೇಲೆ ಕುಳಿತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಭಾರ ಹಾಕಿ ನೋಡಿದರು. ಅನಂತರ ಏಳಲಿಲ್ಲ. ಅದರ ಮೇಲೆಯೇ ಕುಳಿತು ಎಲೆಯಡಿಕೆಯ ಚೀಲವನ್ನು ಬಿಚ್ಚಿದರು.