ಕೋವಿಯ ಸದ್ದೂ ಕಿವಿಯ ಸಂಪತ್ತೂ

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಧೂಳು ಹಾರಿ ಬಂದರೆ ಕಣ್ಣು ನಮ್ಮ ಅಪ್ಪಣೆಗೆ ಕಾಯದೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಿವಿಯಾದರೋ ಹಗಲಿರುಳೂ ತೆರೆದಿರುವ ಬಾಗಿಲು. ನಿದ್ರೆಯಲ್ಲಿಯೂ ಅದಕ್ಕೆ ಅಗಳಿಯಿಲ್ಲ. ಕಾಡಿನಲ್ಲಿ ಬಾಳಿದ ಮನುಷ್ಯನಿಗೆ ಕತ್ತಲೆಯಲ್ಲಿ ಅಪಾಯದ ಸುಳಿವು ಕಿವಿಯಿಂದಲೇ ದೊರೆಯಬೇಕಾಗಿತ್ತು. ಆದ್ದರಿಂದ ಅದು ಸದಾ ಎಚ್ಚತ್ತಿರುವುದೇ ಲೇಸಾಗಿತ್ತು. ಆ ಕಾಲದಲ್ಲಿ ಗುಡುಗನ್ನು ಬಿಟ್ಟರೆ ಕಿವಿಯನ್ನು ನೋಯಿಸುವಂಥ ಸದ್ದು ಲೋಕದಲ್ಲಿ ವಿರಳ. ಪಂಪನ ಕಾವ್ಯದಲ್ಲಿಯೂ ಬೇಟೆಯ ವರ್ಣನೆಯಿದೆ. ಆದರೆ ಅಂದಿನ ಬೇಟೆಗಾರನ ಕಿವಿಯ ಬಳಿ ಮೊಳಗುತ್ತಿದ್ದುದು ಬಿಲ್ಲಿನ ಜೇವೊಡೆತ ಮಾತ್ರ. ಮದ್ದು ತುಂಬಿದ ಕೋವಿ ಬಂದ ಮೇಲೆ ಬೇಟೆಯ ರೀತಿ ಬದಲಾಯಿತು, ಕಿವಿ ಮಾತ್ರ ಹಳೆಯ ಕಿವಿಯಾಗಿಯೇ ಉಳಿಯಿತು.

‘ಈಗ ಬೇಟೆಯೆಲ್ಲಿದೆ?’ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸರಿಯಾದುದೇ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯಿಂದಾಗಿ ನಮ್ಮ ದೇಶದಲ್ಲಿ ಮೋಜಿನ ಬೇಟೆ ಮುಗಿದುಹೋದ ಕಥೆ. ಬೇಟೆ ಹೋದರೂ ಕೋವಿ ಹೋಗಲಿಲ್ಲ. ಕೊಡಗಿನಲ್ಲಿ ಅದು ಮನೆಮನೆಯ ಗೌರವದ ವಸ್ತು. ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ದೊರೆತ ವಿನಾಯಿತಿಯ ಪರಂಪರೆ ಇಂದಿಗೂ ನಡೆದು ಬಂದಿದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಿಗೆಯಿಲ್ಲದೆ ಕೋವಿ ಇರಿಸಿಕೊಳ್ಳಲು ಇರುವ ಈ ಅನುಮತಿಯನ್ನು ಕೇಂದ್ರ ಸರಕಾರ ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ, ಅಂದರೆ ೨೦೨೯ರವರೆಗೆ, ಮುಂದುವರಿಸಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ಹೂವು ಮುಡಿಸಿ ಪೂಜಿಸುತ್ತಾರೆ. ಅನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯೂ ಅಲ್ಲಿಯದೇ. ಇನ್ನುಳಿದ ಸೀಮೆಗಳಲ್ಲಿ, ಬೆಳೆರಕ್ಷಣೆಗೆಂದು ಪರವಾನಿಗೆ ಪಡೆದ ರೈತನು ಹಂದಿಗಳನ್ನು ಬೆದರಿಸಲು ರಾತ್ರಿ ಗಾಳಿಯಲ್ಲಿ ಈಡು ಹಾರಿಸುವುದುಂಟು.

ಹುಬ್ಬಳ್ಳಿಯ ನಮ್ಮ ವಿದ್ಯಾನಗರದಂಥ ಕಾಲೇಜುಗಳ ಬಡಾವಣೆಯಲ್ಲಿ ಈ ಮಾತು ಬೇರೊಂದು ದಾರಿಯಿಂದ ಬರುತ್ತದೆ. ಎನ್.ಸಿ.ಸಿ. ಸೇರಿದ ಹುಡುಗರೂ ಹುಡುಗಿಯರೂ ಶಿಬಿರದಲ್ಲಿ ಪಾಯಿಂಟ್ ಟೂಟೂ ರೈಫಲ್ಲಿನಿಂದ ಗುರಿ ಹೊಡೆಯುವುದನ್ನು ಕಲಿಯುತ್ತಾರೆ. ಶಿಬಿರದಿಂದ ಮರಳಿದ ವಿದ್ಯಾರ್ಥಿ ತರಗತಿಯ ಹೊರಗೆ ನಗುನಗುತ್ತಲೇ, “ಸರ, ನಿನ್ನೆಯಿಂದ ಕಿವ್ಯಾಗ ಗುಂಯ್ ಅನ್ನಾಕತ್ತೈತ್ರಿ; ನಾಳಿಗೆ ಹೋಗ್ತದ ಬಿಡ್ರಿ” ಎನ್ನುತ್ತಾನೆ. ಅವನ ಮಾತು ಅರ್ಧ ನಿಜ. ಆ ಗುಂಯ್‌ಗಾಟ ನಾಳೆ ಹೋಗಬಹುದು. ಆದರೆ ಹೋಗುವಾಗ ಅದು ಏನನ್ನು ಕೊಂಡೊಯ್ಯುತ್ತದೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಸದ್ದಿನ ಲೆಕ್ಕ

ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಇದರ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಮಡಿಯಾಗುತ್ತದೆ, ಇಪ್ಪತ್ತು ಏರಿದರೆ ನೂರು ಮಡಿ. ನಾವು ಎದುರುಬದುರು ಕುಳಿತು ಆಡುವ ಮಾತು ಸುಮಾರು ೬೦ ಡೆಸಿಬೆಲ್. ಕಾರ್ಖಾನೆಯ ಕೆಲಸಗಾರನು ದಿನಕ್ಕೆ ಎಂಟು ತಾಸು ಸಹಿಸಬಹುದೆಂದು ನಮ್ಮ ಕಾರ್ಖಾನೆ ನಿಯಮಗಳು ಇಟ್ಟ ಮಿತಿ ೯೦. ಪಾಯಿಂಟ್ ಟೂಟೂ ರೈಫಲ್ಲಿನ ಸದ್ದು ಗುಂಡು ಹಾರಿಸುವವನ ಕಿವಿಯ ಬಳಿ ೧೪೦ರ ಆಸುಪಾಸಿನಲ್ಲಿರುತ್ತದೆ. ಹನ್ನೆರಡು ಬೋರಿನ ಜೋಡುನಳಿಗೆಯೂ ಪಿಸ್ತೂಲೂ ೧೫೦ನ್ನು ಸುಲಭವಾಗಿ ದಾಟುತ್ತವೆ. ತೊಂಬತ್ತಕ್ಕೂ ನೂರನಲವತ್ತಕ್ಕೂ ನಡುವಿನ ಅಂತರ ಬರಿಯ ಐವತ್ತು ಎಂದು ತೋರಬಹುದು. ಶಕ್ತಿಯ ಲೆಕ್ಕದಲ್ಲಿ ಅದು ಒಂದು ಲಕ್ಷ ಮಡಿ! ದೊಡ್ಡವರಿಗೆ ೧೪೦, ಮಕ್ಕಳಿಗೆ ೧೨೦; ಇದಕ್ಕೂ ಮಿಗಿಲಾದ ಹಠಾತ್ ಸದ್ದು ಕಿವಿಗೆ ಬೀಳಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇಂಥ ಹೊಡೆತಕ್ಕೆ ಕಿವಿಯೊಳಗೆ ನಡೆಯುವುದೇನು? ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗವಿದೆ. ಅದರಲ್ಲಿ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳು ಸಾಲಾಗಿ ನಿಂತಿವೆ. ಗಾಳಿಗೆ ತೂಗುವ ಜೋಳದ ಬೆಳೆಯಂತೆ ಅವು ಸದ್ದಿನ ಅಲೆಗೆ ಬಾಗಿ, ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಸಾಮಾನ್ಯ ಗಾಳಿಗೆ ಬಾಗಿದ ಪೈರು ಮತ್ತೆ ಎದ್ದು ನಿಲ್ಲುತ್ತದೆ. ಬಿರುಗಾಳಿಗೆ ಮುರಿದದ್ದು ಏಳುವುದಿಲ್ಲ. ಹೊಲಕ್ಕಾದರೆ ಮುಂದಿನ ವರ್ಷ ಬಿತ್ತನೆಯುಂಟು. ಮನುಷ್ಯನ ಕಿವಿಗೆ ಆ ಭಾಗ್ಯವಿಲ್ಲ, ಸತ್ತ ರೋಮಕೋಶ ಮರಳಿ ಹುಟ್ಟುವುದಿಲ್ಲ. ದೊಡ್ಡ ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯುವೊಂದು ಬಿಗಿದುಕೊಂಡು ತಡೆಯೊಡ್ಡುವುದೇನೋ ನಿಜ. ಆದರೆ ಗುಂಡಿನ ಸದ್ದು ಒಂದೆರಡು ಮಿಲಿಸೆಕೆಂಡಿನಲ್ಲಿ ತುತ್ತತುದಿಗೇರಿ ಮುಗಿದುಹೋಗುತ್ತದೆ. ಕಾವಲುಗಾರ ಎದ್ದು ಕುಳಿತುಕೊಳ್ಳುವಷ್ಟರಲ್ಲಿ ಕಳ್ಳ ಊರು ದಾಟಿರುತ್ತಾನೆ.

ಬಲಗೈಯವನು ಕೋವಿಯನ್ನು ಬಲಭುಜಕ್ಕೆ ಆನಿಸಿ ಹೊಡೆಯುವಾಗ ಅವನ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತಿರುಗಿರುತ್ತದೆ. ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಆದ್ದರಿಂದ ಕೋವಿ ಹಿಡಿದವರಲ್ಲಿ ಎಡಗಿವಿಯೇ ಹೆಚ್ಚು ಕೆಡುವುದು ವಾಡಿಕೆ.

ಮೊದಲು ಹೋಗುವುದು ವ್ಯಂಜನ

ಕನ್ನಡವನ್ನು ಪಾಠ ಹೇಳುವ ನನ್ನಂಥವನಿಗೆ ಈ ವಿಷಯದಲ್ಲಿ ಮನಸ್ಸು ಕಲಕುವ ಸಂಗತಿಯೊಂದಿದೆ. ಗುಂಡಿನ ಸದ್ದಿನಿಂದ ಮೊದಲು ನಷ್ಟವಾಗುವುದು ಏರುದನಿಯ, ನಾಲ್ಕು ಸಾವಿರ ಹರ್ಟ್ಸ್ ಸುತ್ತಿನ ಶ್ರವಣ. ನಮ್ಮ ಸ್ವರಗಳು, ಅಂದರೆ ಅ, ಆ, ಉ, ಓ ಮುಂತಾದವು, ತಗ್ಗು ದನಿಯವು. ಅವು ಚೆನ್ನಾಗಿಯೇ ಕೇಳಿಸುತ್ತವೆ. ಕುಂದುವುದು ಸ, ಶ, ಚ, ತ, ಥ ಮುಂತಾದ ವ್ಯಂಜನಗಳ ಸ್ಪಷ್ಟತೆ. ‘ಸಾಲು’ ಎಂದರೆ ‘ಹಾಲು’ ಎಂದೂ ‘ತಾಳಿ’ ಎಂದರೆ ‘ಗಾಳಿ’ ಎಂದೂ ಕೇಳಿದಂತಾಗುತ್ತದೆ. ಆದ್ದರಿಂದ ಇಂಥವನು ‘ನನಗೆ ಕೇಳುವುದಿಲ್ಲ’ ಎನ್ನುವುದಿಲ್ಲ. ‘ಈಗಿನವರು ಬಾಯಿಬಿಟ್ಟು ಮಾತಾಡುವುದಿಲ್ಲ’ ಎಂದು ದೂರುತ್ತಾನೆ. ಮನೆಯವರ ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೊಮ್ಮಗುವಿನ ತೊದಲು, ಮದುವೆಮನೆಯ ಗದ್ದಲದ ನಡುವೆ ಹೆಂಡತಿ ಪಿಸುಗುಟ್ಟಿದ ಮಾತು ಇವು ಮೊದಲು ದೂರವಾಗುತ್ತವೆ. ಇದರ ಜೊತೆಗೆ ನಿಶ್ಶಬ್ದ ರಾತ್ರಿಯಲ್ಲೂ ಬಿಡದ ಜೀರುಂಡೆಯ ಸದ್ದು ಕೆಲವರ ಪಾಲಿಗೆ ಶಾಶ್ವತವಾಗಿ ಬಂದು ಕೂರುತ್ತದೆ.

ಆಯ್ಕೆಯ ವಿವೇಕ

ಹಾಗಾದರೆ ಕೋವಿ ಹಿಡಿಯುವವನು ಕಿವಿಗೆ ಏನನ್ನು ಆರಿಸಬೇಕು? ಮೊದಲು ಬಿಡಬೇಕಾದುದನ್ನು ಹೇಳಿಬಿಡುವೆ. ಅರಳೆಯ ಉಂಡೆ ಚಳಿಗೆ ಸರಿ, ಗುಂಡಿಗಲ್ಲ. ಅದು ತಡೆಯುವ ಸದ್ದು ತೀರ ಅಲ್ಪ. ಬೆರಳು, ಕರವಸ್ತ್ರ, ಹಾಡು ಕೇಳುವ ಇಯರ್‌ಫೋನು ಇವೂ ಅದೇ ಗುಂಪಿನವು.

ನಿಜವಾದ ಸಾಧನಗಳು ಮುಖ್ಯವಾಗಿ ಎರಡು ಬಗೆ. ಒಂದು, ಕಿವಿಯ ನಾಳದೊಳಗೆ ಸೇರಿಸುವ ಬಿರಡೆ, ಅಂದರೆ ಇಯರ್‌ಪ್ಲಗ್. ಮೆತ್ತನೆಯ ಫೋಮಿನ ಬಿರಡೆ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ. ಸರಿಯಾಗಿ ಹಾಕಿಕೊಂಡರೆ ಅತ್ಯಂತ ಬೆಲೆಯುಳ್ಳ ಸಾಧನಕ್ಕೂ ಅದು ಸರಿದೊರೆ. ಎರಡು, ಇಡೀ ಕಿವಿಯನ್ನು ಮುಚ್ಚುವ ಬಟ್ಟಲಿನಂಥ ಇಯರ್‌ಮಫ್. ಹಾಕುವುದೂ ತೆಗೆಯುವುದೂ ಸುಲಭ. ಕಿವಿಯ ನಾಳ ಕಿರಿದಾದ ಮಕ್ಕಳಿಗೂ ಕಿವಿ ಸೋರುವವರಿಗೂ ಇದೇ ಮೇಲು. ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೆವರು ಹರಿಯುತ್ತದೆ. ದಪ್ಪ ಕಡ್ಡಿಯ ಕನ್ನಡಕ, ಟೋಪಿಯ ಅಂಚು, ಕೂದಲು ಇವು ಬಟ್ಟಲಿನ ಅಂಚಿಗೆ ಅಡ್ಡ ಬಂದರೆ ಸದ್ದು ಆ ಸಂದಿಯಿಂದಲೇ ನುಸುಳುತ್ತದೆ. ಕೋವಿಯ ಹಿಡಿಗೆ ಕೆನ್ನೆಯಾನಿಸುವಾಗ ಬಟ್ಟಲು ತಗುಲಿ ಸರಿಯುವುದೂ ಉಂಟು. ಆದ್ದರಿಂದ ರೈಫಲ್ಲಿನವರು ತೆಳುವಾದ ಬಟ್ಟಲನ್ನು ನೋಡಿ ಕೊಳ್ಳಬೇಕು.

ಮೂರನೆಯದಾಗಿ ವಿದ್ಯುನ್ಮಾನ ಮಫ್ ಬಂದಿದೆ. ಹೊರಗಿನ ಮೈಕು ಸಣ್ಣ ಮಾತನ್ನು ಒಳಗೆ ಕೇಳಿಸುತ್ತದೆ. ದೊಡ್ಡ ಸದ್ದು ಬಂದೊಡನೆ ಆ ದಾರಿಯನ್ನು ಮುಚ್ಚುತ್ತದೆ. ತರಬೇತಿದಾರನ ಅಪ್ಪಣೆ ಕೇಳಬೇಕಾದಲ್ಲಿ ಇದು ಬಹಳ ಉಪಯುಕ್ತ. ಬೆಲೆ ಮಾತ್ರ ಸಾವಿರಗಳಲ್ಲಿ. ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮಗಳು ಕ್ರೀಡಾಪಟುವಿಗೆ ಇದನ್ನು ಒಪ್ಪುವುದಿಲ್ಲವಾದ್ದರಿಂದ, ಪಂದ್ಯದ ಕನಸುಳ್ಳ ಹುಡುಗರು ಸಾದಾ ಸಾಧನಕ್ಕೇ ಒಗ್ಗಿಕೊಳ್ಳುವುದು ಜಾಣತನ.

ಪೊಟ್ಟಣದ ಮೇಲೆ ‘ಎನ್.ಆರ್.ಆರ್. ೩೩’ ಎಂಬಂಥ ಅಂಕಿ ಇರುತ್ತದೆ. ಅದು ಪ್ರಯೋಗಶಾಲೆಯ ಅಂಕಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯವರು ಇದರಲ್ಲಿ ಏಳನ್ನು ಕಳೆದು, ಉಳಿದುದನ್ನು ಅರ್ಧ ಮಾಡುತ್ತಾರೆ: ಮೂವತ್ತಮೂರರಲ್ಲಿ ಏಳು ಹೋದರೆ ಇಪ್ಪತ್ತಾರು, ಅದರ ಅರ್ಧ ಹದಿಮೂರು. ಅಜಾಗ್ರತೆಯಿಂದ ಧರಿಸಿದವನಿಗೆ ಇಷ್ಟೇ ನಂಬಿಕೆ. ಆದ್ದರಿಂದ ಅಂಕಿಗಿಂತ ಹೊಂದಿಕೆ ದೊಡ್ಡದು. ಗೋಡೆಗಳ ನಡುವಿನ ಮೈದಾನದಲ್ಲಿ, ಹನ್ನೆರಡು ಬೋರಿನ ಕೋವಿಯ ಜೊತೆಗೆ, ಇಲ್ಲವೆ ದಿನವೆಲ್ಲ ಅಭ್ಯಾಸ ಮಾಡುವಾಗ ಬಿರಡೆಯ ಮೇಲೆ ಮಫ್, ಹೀಗೆ ಎರಡನ್ನೂ ಧರಿಸಬೇಕು. ಎರಡು ಸೇರಿದರೆ ಅಂಕಿಗಳು ಕೂಡಿಕೊಳ್ಳುವುದಿಲ್ಲ. ಹೆಚ್ಚುವುದು ಸುಮಾರು ಐದು ಡೆಸಿಬೆಲ್. ಆದರೆ ಅಂಥಲ್ಲಿ ಆ ಐದೂ ಅಮೂಲ್ಯ.

ಧರಿಸುವ ಕ್ರಮ

ಫೋಮಿನ ಬಿರಡೆಯನ್ನು ಶುಭ್ರವಾದ ಒಣ ಬೆರಳುಗಳಲ್ಲಿ ಹೊಸೆದು ದೀಪದ ಬತ್ತಿಯಂತೆ ಸಣ್ಣಗೆ ಮಾಡಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು. ಆಗ ನಾಳ ನೇರವಾಗುತ್ತದೆ. ಬಿರಡೆಯನ್ನು ಒಳಗೆ ಸೇರಿಸಿ, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಬಳಿಕ ಎರಡೂ ಅಂಗೈಗಳಿಂದ ಕಿವಿಗಳನ್ನು ಮುಚ್ಚಿ ತೆರೆದು ನೋಡಿ. ಸುತ್ತಲಿನ ಸದ್ದು ಹೆಚ್ಚು ಬದಲಾಗದಿದ್ದರೆ ಬಿರಡೆ ಸರಿಯಾಗಿ ಕುಳಿತಿದೆ. ತಟ್ಟನೆ ಬದಲಾದರೆ ತೆಗೆದು ಮತ್ತೆ ಹಾಕಿ. ಬಿರಡೆ ಹಾಕಿಕೊಂಡವರಿಗೆ ಅಪ್ಪಣೆ ಕೇಳದಿರಬಹುದಾದ್ದರಿಂದ, ‘ನಿಲ್ಲಿಸಿ’ ಎಂಬುದಕ್ಕೆ ಕೈಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಹಾರಿಸುವವನಿಗಷ್ಟೇ ಅಲ್ಲ, ಪಕ್ಕದಲ್ಲಿ ಸರದಿಗೆ ಕಾದಿರುವವನಿಗೂ ತರಬೇತಿದಾರನಿಗೂ ಇದೇ ನಿಯಮ. ಹಬ್ಬದ ಸ್ಪರ್ಧೆಯನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವ ತಂದೆಯರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ಮಗುವಿನ ಕಿವಿಗೆ ಮಫ್ ಇರಲಿ, ಇಲ್ಲವಾದರೆ ಮಗು ದೂರವಿರಲಿ.

ಗುಂಡಿನ ಬಳಿಕ ಕಿವಿ ಗುಂಯ್‌ಗುಟ್ಟಿದರೆ ಅಥವಾ ಹತ್ತಿ ತುರುಕಿದಂತೆ ಮಂದವಾದರೆ ಅದು ಪೆಟ್ಟಿನ ಗುರುತು. ಅಂದಿಗೆ ಅಭ್ಯಾಸ ನಿಲ್ಲಿಸಬೇಕು. ಕಾಯಿಸಿದ ಎಣ್ಣೆ ಬಿಡುವ ಮನೆಮದ್ದು ಬೇಡ. ಒಂದೆರಡು ದಿನದಲ್ಲಿ ಸರಿಹೋಗದಿದ್ದರೆ, ಅಥವಾ ಕಿವಿ ಒಮ್ಮೆಗೇ ಕೇಳದಾದರೆ, ತಡಮಾಡದೆ ಕಿವಿಯ ವೈದ್ಯರನ್ನು ಕಾಣಬೇಕು. ಮೊದಲ ಕೆಲವು ದಿನಗಳಲ್ಲಿ ಮಾತ್ರ ಔಷಧಿಗೆ ಅವಕಾಶವಿರುವುದುಂಟು. ೧೯೫೭ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ‘ಕಿಮ್ಸ್’ ಎಂದೇ ನಿಂತ ದೊಡ್ಡ ಸರಕಾರಿ ಆಸ್ಪತ್ರೆ ನಮ್ಮ ವಿದ್ಯಾನಗರದಲ್ಲಿಯೇ ಇದೆ. ವಾಕ್ ಶ್ರವಣ ಶಾಸ್ತ್ರಕ್ಕೇ ಮೀಸಲಾದ ಅಖಿಲ ಭಾರತ ಸಂಸ್ಥೆ ಮೈಸೂರಿನಲ್ಲಿದೆ.

ಕಿವಿ ಮುಚ್ಚಿಕೊಳ್ಳುವುದು ಹೇಡಿತನವೆಂಬ ಭಾವನೆ ಕೆಲವು ಕಡೆ ಇನ್ನೂ ಇದೆ. ೨೦೦೪ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜೋಡುನಳಿಗೆಯ ಕೋವಿಯಿಂದ ಬೆಳ್ಳಿ ಗೆದ್ದ ರಾಜ್ಯವರ್ಧನ ಸಿಂಹ ರಾಠೋಡರು ಆಗ ಸೇನೆಯ ಅಧಿಕಾರಿಯಾಗಿದ್ದರು. ಅವರ ಆ ಕ್ರೀಡೆಯಲ್ಲಿ ಕಿವಿಗೆ ರಕ್ಷೆಯಿಲ್ಲದೆ ಕಣಕ್ಕಿಳಿಯುವುದು ಯಾರಿಗೂ ಶೋಭೆಯೆನಿಸುವುದಿಲ್ಲ. ಕೇಳಿಸದವರೂ ಗುರಿಕಾರರಾಗಬಲ್ಲರೆಂಬುದನ್ನು ೨೦೨೨ರಲ್ಲಿ ಬ್ರೆಝಿಲಿನಲ್ಲಿ ನಡೆದ ಡೆಫ್ಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹೈದರಾಬಾದಿನ ಧನುಷ್ ಶ್ರೀಕಾಂತ್ ತೋರಿಸಿದ್ದಾರೆ. ಅವರ ಸಾಧನೆಗೆ ನಮಸ್ಕಾರ. ಆದರೆ ಹುಟ್ಟಿನಿಂದ ಬಂದ ಮೌನವನ್ನು ಗೆಲ್ಲುವುದು ಬೇರೆ, ಕೈಯಾರೆ ಮೌನವನ್ನು ತಂದುಕೊಳ್ಳುವುದು ಬೇರೆ.

ಕಾಡತೂಸಿಗೆ ಹಣ ಹಾಕುವವನಿಗೆ ಒಂದು ಜೊತೆ ಬಿರಡೆ ಭಾರವಲ್ಲ. ಕೋವಿಗೆ ಎಣ್ಣೆ ಸವರಿ ಒರೆಸಿಡುವವನು ತನ್ನ ಕಿವಿಯನ್ನು ಅದಕ್ಕಿಂತ ಕಡಿಮೆಯೆಂದು ಎಣಿಸಬಾರದು. ಕೋವಿ ಸವೆದರೆ ಇನ್ನೊಂದು ಕೊಳ್ಳಬಹುದು; ಕಿವಿಗೆ ಆ ಅಂಗಡಿಯಿಲ್ಲ.