ಪಾರ್ಶ್ವವಾಯುವಿನ ಅನಂತರ ಬರುವ ಅಪಸ್ಮಾರ

ಪಾರ್ಶ್ವವಾಯು ಬಡಿದು ಒಂದು ಪಕ್ಕದ ಕೈಕಾಲುಗಳ ಸ್ವಾಧೀನ ತಪ್ಪಿದ್ದ ವೃದ್ಧರೊಬ್ಬರು ಕ್ರಮೇಣ ಚೇತರಿಸಿಕೊಂಡು, ಕೋಲೂರಿ ನಡೆಯುವಂತಾಗಿದ್ದಾರೆಂದು ಭಾವಿಸೋಣ. ವರ್ಷ ಕಳೆದ ಮೇಲೆ ಒಂದು ದಿನ ಅದೇ ಕೈಯ ಬೆರಳುಗಳು ತಾವಾಗಿ ಅದುರತೊಡಗುತ್ತವೆ. ಅದುರು ತೋಳಿಗೂ ಮುಖಕ್ಕೂ ಏರಿ ಪ್ರಜ್ಞೆ ತಪ್ಪುತ್ತದೆ. ಮತ್ತೆ ಲಕ್ವ ಹೊಡೆಯಿತೆಂದು ಮನೆಯವರು ಹೆದರುತ್ತಾರೆ; ಗಾಳಿ ಸೋಂಕಿತೆಂದು ನೆರೆಯವರು ಹೇಳುತ್ತಾರೆ. ಇವೆರಡೂ ಅಲ್ಲದೆ, ಇದು ಮಿದುಳಿನ ಹಳೆಯ ಗಾಯದ ಕಲೆಯಿಂದ ಹುಟ್ಟಿದ ವಿದ್ಯುತ್ ಕ್ಷೋಭೆಯಾಗಿರುವ ಸಂಭವ ಹೆಚ್ಚು. ಭೌತವಿಜ್ಞಾನವನ್ನು ಬೋಧಿಸುವ ನಾವು ಈ ವಿಷಯವನ್ನು ಕೈಗೆತ್ತಿಕೊಂಡುದಕ್ಕೆ ಆ ವಿದ್ಯುತ್ತೇ ಕಾರಣ.

ಮಿದುಳಿನ ನರಕೋಶದ ಒಳಭಾಗವು ವಿಶ್ರಾಂತಿಯಲ್ಲಿ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟುಗಳಷ್ಟು ಋಣವಾಗಿರುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಕೋಶದ ಪೊರೆಯ ದಪ್ಪವು ಸೆಂಟಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ಲೆಕ್ಕ ಹಾಕಿದರೆ ಪೊರೆಯಲ್ಲಿರುವ ವಿದ್ಯುತ್‌ಕ್ಷೇತ್ರವು ಸೆಂಟಿಮೀಟರಿಗೆ ಸುಮಾರು ಒಂದು ಲಕ್ಷ ವೋಲ್ಟುಗಳಾಗುತ್ತದೆ! ಒಣಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಇದರ ಮೂರರಲ್ಲೊಂದು ಪಾಲು ಸಾಕು. ಸೋಡಿಯಂ ಅಯಾನುಗಳನ್ನು ಹೊರಕ್ಕೂ ಪೊಟಾಸಿಯಂ ಅಯಾನುಗಳನ್ನು ಒಳಕ್ಕೂ ಸತತವಾಗಿ ತಳ್ಳುತ್ತ ಕೋಶವು ಈ ಸ್ಥಿತಿಯನ್ನು ಕಾಪಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಶಕ್ತಿಯು ರಕ್ತವು ತರುವ ಸಕ್ಕರೆ ಮತ್ತು ಆಮ್ಲಜನಕಗಳಿಂದ ದೊರೆಯುತ್ತದೆ.

ಕೆಲವು ನರಕೋಶಗಳು ನೆರೆಯ ಕೋಶಗಳನ್ನು ಕೆರಳಿಸುತ್ತವೆ; ಕೆಲವು ಅಡಗಿಸುತ್ತವೆ. ಈ ಸಮತೂಕ ತಪ್ಪಿ ಅಸಂಖ್ಯಾತ ಕೋಶಗಳು ಒಮ್ಮೆಗೇ ಕೆರಳಿದರೆ, ಜನರು ಫಿಟ್ಸ್ ಎನ್ನುವ ಸೆಳವು ಉಂಟಾಗುತ್ತದೆ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮಾನವ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದ ಬಳಿಕ, ಇಂಥ ಕ್ಷೋಭೆಯನ್ನು ಕಾಗದದ ಮೇಲೆ ಗೆರೆಗಳಾಗಿ ಕಾಣುವುದು ಸಾಧ್ಯವಾಯಿತು.

ಪಾರ್ಶ್ವವಾಯುವಿನ ಅನಂತರದ ಸೆಳವುಗಳಲ್ಲಿ ಎರಡು ಬಗೆ. ಮೊದಲ ಏಳು ದಿನಗಳೊಳಗೆ ಬರುವುದು ಒಂದು. ರಕ್ತ ನಿಂತು ಶಕ್ತಿಯ ಪೂರೈಕೆ ಕಡಿದಾಗ ಅಯಾನುಗಳ ವ್ಯವಸ್ಥೆ ಕುಸಿಯುತ್ತದೆ. ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವು ಕೋಶಗಳಿಂದ ಹೊರಕ್ಕೆ ಸುರಿಯುತ್ತದೆ. ಇದು ತಾತ್ಕಾಲಿಕ. ತಿಂಗಳು ವರ್ಷಗಳ ಮೇಲೆ ಬರುವುದು ಇನ್ನೊಂದು. ಆ ವೇಳೆಗೆ ಸತ್ತ ಭಾಗದಲ್ಲಿ ಕಲೆ ಕಟ್ಟಿರುತ್ತದೆ. ಅದರ ಅಂಚಿನಲ್ಲಿ ಉಳಿದ ನರಕೋಶಗಳು ಹೊಸ ಕವಲುಗಳನ್ನು ಚಾಚಿ ಪರಸ್ಪರ ಹೆಣೆದುಕೊಳ್ಳುತ್ತವೆ. ಅಡಗಿಸುವ ಕೋಶಗಳು ಕಡಮೆಯಾಗಿರುತ್ತವೆ. ಸಭೆಯಲ್ಲಿ ಧ್ವನಿವರ್ಧಕದ ಸದ್ದು ಮೈಕಿಗೇ ಮರಳಿ ಹೊಕ್ಕು ಕಿರಿಚುವಂತೆ, ಇಲ್ಲಿ ಸಣ್ಣ ಸ್ಪಂದನವೂ ಸುತ್ತಿ ಬಂದು ಬೆಳೆಯುತ್ತದೆ.

ಈ ಭೇದ ಬಹು ಮುಖ್ಯ. ಅಮೆರಿಕದ ರಾಚೆಸ್ಟರ್ ನಗರದ ಜನರನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪಾರ್ಶ್ವವಾಯುವಿನ ಆರಂಭದಲ್ಲೇ ಸೆಳವು ಕಂಡವರಲ್ಲಿ ಹತ್ತು ವರ್ಷಗಳೊಳಗೆ ಮುಂದೆ ಸೆಳವು ಬರುವ ಸಂಭವ ನೂರಕ್ಕೆ ಸುಮಾರು 33. ತಡವಾಗಿ ಕಂಡವರಲ್ಲಿ ಸುಮಾರು 70. ಆದುದರಿಂದಲೇ ತಡವಾಗಿ ಬಂದ ಸೆಳವು ಒಂದೇ ಆದರೂ ವೈದ್ಯರು ಅದನ್ನು ಅಪಸ್ಮಾರವೆಂದು ಪರಿಗಣಿಸಿ ಔಷಧ ಕೊಡುವುದುಂಟು. ಮಿದುಳಿನ ಹೊರಪದರಕ್ಕೆ ಪೆಟ್ಟು ಬಿದ್ದವರಲ್ಲಿಯೂ ತೀವ್ರ ಪಾರ್ಶ್ವವಾಯು ಆದವರಲ್ಲಿಯೂ ಮಿದುಳಿನೊಳಗೆ ರಕ್ತ ಸೋರಿದವರಲ್ಲಿಯೂ ಈ ಅಪಾಯ ಹೆಚ್ಚು.

ಸೆಳವು ನಿಂತ ಮೇಲೆ ಆ ಕೈಕಾಲು ಕೆಲವು ಗಂಟೆಗಳ ಕಾಲ, ಒಮ್ಮೊಮ್ಮೆ ಒಂದೆರಡು ದಿನ, ಇನ್ನಷ್ಟು ಸೋತಿರಬಹುದು. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಣಿಸಿದ ವೈದ್ಯ ರಾಬರ್ಟ್ ಬೆಂಟ್ಲಿ ಟಾಡ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಇದು ಟಾಡ್ ಹೇಳಿದ ನಿತ್ರಾಣವೋ ಹೊಸ ಪಾರ್ಶ್ವವಾಯುವೋ ಎಂಬುದನ್ನು ಮನೆಯಲ್ಲಿ ತೀರ್ಮಾನಿಸುವಂತಿಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸೆಳವು ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಕೂಡದು. ಕೈಗೆ ಬೀಗದ ಕೈ ಹಿಡಿಸುವ ರೂಢಿ ನಮ್ಮಲ್ಲಿದೆ. ಬಹುತೇಕ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಕಬ್ಬಿಣಕ್ಕೆ ಆ ಕೀರ್ತಿ ಸಂದಿದೆ, ಅಷ್ಟೆ. ಐದು ನಿಮಿಷ ಮೀರಿದರೆ ಅದು ಪ್ರಾಣಾಪಾಯದ ಸಂಗತಿ.

ಬಹುಮಂದಿಗೆ ಒಂದೇ ಔಷಧದಿಂದ ಸೆಳವು ಹತೋಟಿಗೆ ಬರುತ್ತದೆ. ಆದರೆ ಔಷಧವು ಕ್ಷೋಭೆಯನ್ನು ತಡೆಯುತ್ತದೆಯೇ ಹೊರತು ಕಲೆಯನ್ನು ಅಳಿಸುವುದಿಲ್ಲ. ಆರು ತಿಂಗಳು ಏನೂ ಆಗಲಿಲ್ಲವೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವವರು ಇದನ್ನು ಮರೆಯಬಾರದು.